ಕೋಡ್ ಬೇಗ ಬರುತ್ತಿದೆ, ಬಿಡುಗಡೆ ಏಕೆ ಬೇಗ ಆಗುತ್ತಿಲ್ಲ?

ಕೃತಕ ಬುದ್ಧಿಮತ್ತೆ (ಎಐ) ಬಂದ ಮೇಲೆ ಅಜೈಲ್ ತಂಡಗಳ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ, ತೋರಿಸಿ, ತಿದ್ದಿಕೊಳ್ಳುವ ತಂಡಗಳ) ಕೆಲಸ ಮತ್ತು ಉದ್ಯೋಗಿಗಳ ಕಲಿಕೆ ಹೇಗೆ ಬದಲಾಗುತ್ತಿದೆ ಎಂಬ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಈ ಬಾರಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಸ್ಕ್ರಮ್ ಮಾಸ್ಟರ್, ಅಂದರೆ ಸ್ಕ್ರಮ್ ಎಂಬ ಅಜೈಲ್ ಪದ್ಧತಿಯಂತೆ ಕೆಲಸ ಸಾಗಲು ತಂಡಕ್ಕೆ ನೆರವಾಗುವ ಹೊಣೆ ನನ್ನದು. ನಮ್ಮ ತಂಡದ ಎಲ್ಲ ಡೆವಲಪರ್‌ಗಳೂ ಎಐ ಕೋಡಿಂಗ್ ಸಹಾಯಕವನ್ನು ಬಳಸುತ್ತಿದ್ದಾರೆ. ಪ್ರತಿ ಸ್ಪ್ರಿಂಟ್‌ನಲ್ಲಿ (ನಿಗದಿತ ಅವಧಿಯ ಕೆಲಸದ ಸುತ್ತಿನಲ್ಲಿ) ಮುಗಿಯುವ ಸ್ಟೋರಿ ಪಾಯಿಂಟ್‌ಗಳು (ಕೆಲಸದ ಗಾತ್ರಕ್ಕೆ ಕೊಡುವ ಅಂದಾಜು ಅಂಕಗಳು) ಏರಿವೆ. ಆದರೆ ಬಿಡುಗಡೆ ಮೊದಲಿಗಿಂತ ಬೇಗ ಆಗುತ್ತಿಲ್ಲ, ಬಿಡುಗಡೆಯಾದ ಮೇಲೆ ಸಿಗುವ ದೋಷಗಳೂ ಹೆಚ್ಚಿವೆ. ಎರಡು ವಾರದ ಸ್ಪ್ರಿಂಟನ್ನು ಒಂದು ವಾರಕ್ಕೆ ಇಳಿಸಿ, ಅಷ್ಟೇ ಪಾಯಿಂಟ್ ಮುಗಿಸಿ ಎಂದು ಮ್ಯಾನೇಜ್‌ಮೆಂಟ್ ಹೇಳುತ್ತಿದೆ. ಏನು ಉತ್ತರ ಕೊಡಲಿ?

ಉತ್ತರ: ಕೆಲಸ ಎಲ್ಲಿ ಕಾಯುತ್ತಿದೆ ಎಂಬುದನ್ನು ಮೊದಲು ಅಳೆಯಿರಿ, ಸ್ಪ್ರಿಂಟ್‌ನ ಅವಧಿಯ ಚರ್ಚೆ ಆಮೇಲೆ ಇರಲಿ. ಡೆವಲಪರ್ ಒಂದು ಸ್ಟೋರಿಯನ್ನು (ಬಳಕೆದಾರರಿಗೆ ಬೇಕಾದ ಒಂದು ಸಣ್ಣ ಕೆಲಸವನ್ನು) ಕೈಗೆತ್ತಿಕೊಂಡ ದಿನದಿಂದ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆಯುವವರೆಗೆ, ಅಲ್ಲಿಂದ ಇತರರ ರಿವ್ಯೂ ಮುಗಿದು ಮುಖ್ಯ ಕೋಡ್‌ಗೆ ಮರ್ಜ್ ಆಗುವವರೆಗೆ, ಅಲ್ಲಿಂದ ಗ್ರಾಹಕರ ಕೈ ಸೇರುವವರೆಗೆ ಎಷ್ಟೆಷ್ಟು ದಿನ ಹಿಡಿಯಿತು ಎಂಬುದನ್ನು ಕಳೆದ ಕೆಲವು ತಿಂಗಳ ದಾಖಲೆಗಳಿಂದ ತೆಗೆದು ಒಂದೆಡೆ ಬರೆಯಿರಿ. ನಿಮ್ಮ ವಿವರಣೆಯನ್ನು ಓದಿದರೆ, ಮೊದಲ ಹಂತದಲ್ಲಿ ಉಳಿದ ಸಮಯವೆಲ್ಲ ಎರಡನೆಯ ಹಂತದಲ್ಲಿ ಖರ್ಚಾಗುತ್ತಿದೆ ಎಂದು ನನಗೆ ತೋರುತ್ತದೆ. ಕೊಯ್ಲಿಗೆ ಯಂತ್ರ ಬಂದು, ತೂರುವುದಕ್ಕೆ ಮಾತ್ರ ಮೊದಲಿದ್ದ ಇಬ್ಬರೇ ಉಳಿದರೆ ಕಣದಲ್ಲಿ ರಾಶಿ ದೊಡ್ಡದಾಗುತ್ತದೆ, ಕಾಳು ಬೇಗ ಮನೆ ಸೇರುವುದಿಲ್ಲ.

ಈ ವಿಷಯದ ಸಂಶೋಧನೆಗಳು ಪರಸ್ಪರ ವಿರುದ್ಧವಾಗಿ ಕಾಣುವುದಕ್ಕೂ ಇದೇ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 95 ಡೆವಲಪರ್‌ಗಳಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಎಚ್‌ಟಿಟಿಪಿ ಸರ್ವರ್ ಬರೆಯುವ ಕೆಲಸ ಕೊಡಲಾಗಿತ್ತು. ಗಿಟ್‌ಹಬ್ ಕೋಪೈಲಟ್ ಎಂಬ ಎಐ ಕೋಡಿಂಗ್ ಸಹಾಯಕವನ್ನು ಬಳಸಿದವರು ಉಳಿದವರಿಗಿಂತ ಶೇ 55.8ರಷ್ಟು ಕಡಿಮೆ ಸಮಯದಲ್ಲಿ ಅದನ್ನು ಮುಗಿಸಿದರು. ಮೀಟರ್ ಎಂಬ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳು ತಾವು ವರ್ಷಗಳಿಂದ ಬಲ್ಲ ಕೋಡ್‌ನಲ್ಲೇ 246 ಕೆಲಸಗಳನ್ನು ಮಾಡಿದರು. ಅಲ್ಲಿ ಎಐ ಬಳಸಲು ಅವಕಾಶವಿದ್ದ ಕೆಲಸಗಳಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಮೊದಲನೆಯದು ಹೊಸದಾಗಿ ಬರೆಯುವ, ಬೇರೆ ಯಾವುದಕ್ಕೂ ಅಂಟಿಕೊಳ್ಳದ ಸಣ್ಣ ಕೆಲಸ. ಎರಡನೆಯದರಲ್ಲಿ ದೊಡ್ಡ ಹಳೆಯ ಕೋಡ್, ಎಲ್ಲೂ ಬರೆದಿಡದ ನಿಯಮಗಳು, ಮಾಡಿದ್ದನ್ನು ಓದಿ ಒಪ್ಪಬೇಕಾದ ಇತರರು ಎಲ್ಲವೂ ಇದ್ದವು. ನಿಮ್ಮ ತಂಡದ ದಿನನಿತ್ಯದ ಕೆಲಸ ಎರಡನೆಯದಕ್ಕೆ ಹತ್ತಿರ.

16 ಜನ ಬಹಳ ಕಡಿಮೆ, ಉಪಕರಣಗಳೂ ಆ ನಂತರ ಬದಲಾಗಿವೆ. ಆದ್ದರಿಂದ ಆ ಶೇಕಡಾವಾರನ್ನು ಹಾಗೆಯೇ ನಿಮ್ಮ ತಂಡಕ್ಕೆ ಹಚ್ಚಬೇಡಿ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗವನ್ನು ನಿಮ್ಮ ಮ್ಯಾನೇಜ್‌ಮೆಂಟ್‌ಗೆ ಅಗತ್ಯವಾಗಿ ತೋರಿಸಿ. ಕೆಲಸಕ್ಕೆ ಮುನ್ನ ಆ ಡೆವಲಪರ್‌ಗಳು ಶೇ 24ರಷ್ಟು ಸಮಯ ಉಳಿಯುತ್ತದೆ ಎಂದು ನಿರೀಕ್ಷಿಸಿದ್ದರು, ಮುಗಿದ ಮೇಲೂ ಶೇ 20ರಷ್ಟು ಉಳಿಯಿತು ಎಂದೇ ನಂಬಿದ್ದರು. ಪರದೆಯ ಮೇಲೆ ಕೋಡ್ ಸರಸರನೆ ಮೂಡುವಾಗ ಕೆಲಸ ಬೇಗ ಸಾಗುತ್ತಿದೆ ಎನ್ನಿಸುವುದು ಸಹಜ. ಆ ಅನಿಸಿಕೆಯ ಮೇಲೆ ಸ್ಪ್ರಿಂಟ್‌ನ ಅವಧಿ ನಿರ್ಧರಿಸಿದರೆ ಅದರ ಹೊರೆ ಬೀಳುವುದು ರಿವ್ಯೂ ಮಾಡುವ ಹಿರಿಯರ ಮೇಲೆ. ಗೂಗಲ್‌ನ ಡೋರಾ ಸಂಶೋಧನಾ ತಂಡದ 2024ರ ವರದಿಯಲ್ಲಿಯೂ ಎಐ ಬಳಕೆ ಶೇ 25ರಷ್ಟು ಹೆಚ್ಚಿದಲ್ಲಿ ಬಿಡುಗಡೆಯ ಸ್ಥಿರತೆ ಶೇ 7.2ರಷ್ಟು ಕುಗ್ಗಬಹುದೆಂಬ ಅಂದಾಜಿತ್ತು. ಒಂದೇ ಬಾರಿಗೆ ಸೇರಿಸುವ ಬದಲಾವಣೆಯ ಗಾತ್ರ ದೊಡ್ಡದಾಗುತ್ತಿರುವುದು ಇದಕ್ಕೆ ಕಾರಣವಿರಬಹುದು ಎಂದು ಆ ತಂಡ ಊಹಿಸಿತ್ತು. ನಿಮ್ಮಲ್ಲಿಯೂ ಅದನ್ನೇ ಮೊದಲು ಪರೀಕ್ಷಿಸಿ. ನೂರು ಸಾಲಿನ ಬದಲಾವಣೆಯನ್ನು ಮನುಷ್ಯ ಓದುತ್ತಾನೆ, ಎರಡು ಸಾವಿರ ಸಾಲಿನದನ್ನು ಮೇಲ್ನೋಟಕ್ಕೆ ಕಣ್ಣಾಡಿಸಿ ಒಪ್ಪಿಗೆ ಕೊಡುತ್ತಾನೆ.

ಸ್ಟೋರಿ ಪಾಯಿಂಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾದದ್ದು. ಒಂದು ತಂಡ ತನ್ನ ಮುಂದಿನ ಸ್ಪ್ರಿಂಟ್‌ಗೆ ಎಷ್ಟು ಕೆಲಸ ಹಿಡಿಯಬಹುದು ಎಂದು ತಾನೇ ಅಂದಾಜು ಮಾಡಿಕೊಳ್ಳಲು ಇರುವ ಸಾಪೇಕ್ಷ ಅಳತೆ ಅದು. ಉಪಕರಣ ಬದಲಾದ ಕೂಡಲೇ ಹಿಂದಿನ ಅಂಕಿಯ ಜೊತೆಗಿನ ಹೋಲಿಕೆ ಅರ್ಥ ಕಳೆದುಕೊಳ್ಳುತ್ತದೆ, ಅದನ್ನೇ ಗುರಿ ಮಾಡಿದರೆ ಅಂಕಿ ತಾನಾಗಿಯೇ ಉಬ್ಬುತ್ತದೆ. ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟ್ ಅಥವಾ ವೆಲಾಸಿಟಿಯ (ಒಂದು ಸ್ಪ್ರಿಂಟ್‌ನಲ್ಲಿ ಮುಗಿಸುವ ಪಾಯಿಂಟ್‌ಗಳ ಲೆಕ್ಕದ) ಉಲ್ಲೇಖವೇ ಇಲ್ಲ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ಅಜೈಲ್ ಪ್ರಣಾಳಿಕೆಗೆ ರೂಪ ಕೊಟ್ಟಾಗ, ಪ್ರಗತಿಯ ಮುಖ್ಯ ಅಳತೆ ಕೆಲಸ ಮಾಡುವ ಸಾಫ್ಟ್‌ವೇರ್ ಎಂದೇ ಅದರ ತತ್ವಗಳಲ್ಲಿ ಬರೆದರು. ಗ್ರಾಹಕರನ್ನು ತಲುಪದೆ ರಿವ್ಯೂಗಾಗಿ ಕಾದು ಕುಳಿತ ಕೋಡ್ ಆ ಅಳತೆಗೆ ಸಿಗುವುದಿಲ್ಲ.

ಹಾಗಾದರೆ ಒಂದು ವಾರದ ಸ್ಪ್ರಿಂಟ್ ತಪ್ಪೇ? ಪ್ರಾಡಕ್ಟ್ ಓನರ್ (ತಂಡ ಏನು ಮಾಡಬೇಕೆಂದು ನಿರ್ಧರಿಸುವವರು) ಮತ್ತು ಬಳಕೆದಾರರು ಪ್ರತಿ ವಾರ ನೋಡಿ ಅಭಿಪ್ರಾಯ ಹೇಳಬಲ್ಲವರಾದರೆ ಅದು ಒಳ್ಳೆಯದೇ. ಗ್ರಾಹಕರ ಕಡೆಯ ಪರೀಕ್ಷೆಗೇ ಹತ್ತು ದಿನ ಹಿಡಿಯುವಲ್ಲಿ ಅದರಿಂದ ಸಭೆಗಳು ಮಾತ್ರ ಎರಡು ಪಟ್ಟಾಗುತ್ತವೆ. ಅದಕ್ಕಿಂತ ಮೊದಲು ಮಾಡಬೇಕಾದದ್ದು ಬೇರೆ ಇದೆ. ರಿವ್ಯೂಗೆ ಕಾದಿರುವ ಕೆಲಸಕ್ಕೆ ಒಂದು ಮಿತಿ ಹಾಕಿ. ಆ ಮಿತಿ ತುಂಬಿದಾಗ ಯಾರೂ ಹೊಸ ಸ್ಟೋರಿ ಎತ್ತಿಕೊಳ್ಳದೆ ಇತರರ ಕೋಡ್ ಓದಲಿ. ಕೋಡ್ ಬರೆಸುವ ಮೊದಲೇ ಟೆಸ್ಟರ್ ಮತ್ತು ಡೆವಲಪರ್ ಜೊತೆಯಾಗಿ ಕುಳಿತು ಸ್ವೀಕಾರದ ಷರತ್ತುಗಳನ್ನು ಪರೀಕ್ಷೆಗಳ ರೂಪದಲ್ಲಿ ಬರೆಯಲಿ, ಏಕೆಂದರೆ ಕೋಡನ್ನೂ ಅದರ ಪರೀಕ್ಷೆಯನ್ನೂ ಒಂದೇ ಉಪಕರಣ ಒಂದೇ ತಪ್ಪು ತಿಳಿವಳಿಕೆಯಿಂದ ಬರೆದರೆ ಎರಡೂ ಹೊಂದಿಕೊಂಡು ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ನಿಮ್ಮ ತಂಡದ ‘ಡೆಫಿನಿಶನ್ ಆಫ್ ಡನ್’ಗೆ (ಕೆಲಸ ಮುಗಿಯಿತು ಎನ್ನಲು ಬೇಕಾದ ಷರತ್ತುಗಳ ಪಟ್ಟಿಗೆ) ಇನ್ನೊಂದು ಷರತ್ತು ಸೇರಲಿ: ಕೋಡ್ ಸಲ್ಲಿಸಿದವರು ಅದರ ಪ್ರತಿ ಭಾಗ ಏಕೆ ಹಾಗಿದೆ ಎಂಬುದನ್ನು ಉಪಕರಣದ ನೆರವಿಲ್ಲದೆ ವಿವರಿಸಬಲ್ಲವರಾಗಿರಬೇಕು.

ಪ್ರಶ್ನೆ: ತಂಡದ ಬೆಳಗಿನ ಕಿರು ಸಭೆಯಾದ ಸ್ಟ್ಯಾಂಡಪ್ ನಿಲ್ಲಿಸಿ, ಜಿರಾ (ಕೆಲಸಗಳ ದಾಖಲೆ ಇಡುವ ತಂತ್ರಾಂಶ) ಮತ್ತು ಚಾಟ್ ನೋಡಿ ಎಐ ಬರೆಯುವ ಸಾರಾಂಶವನ್ನೇ ಎಲ್ಲರೂ ಓದಿದರೆ ಸಾಕು ಎಂದು ನಮ್ಮ ಮ್ಯಾನೇಜರ್ ಹೇಳುತ್ತಾರೆ. ಸ್ಪ್ರಿಂಟ್ ಮುಗಿದಾಗ ನಡೆದ ಕೆಲಸವನ್ನು ವಿಮರ್ಶಿಸುವ ರೆಟ್ರೋ ಸಭೆಯನ್ನೂ ರೆಕಾರ್ಡ್ ಮಾಡಿಸುವ ಯೋಚನೆ ಇದೆ. ಇದು ಸರಿಯೇ?

ಉತ್ತರ: ನಿಮ್ಮ ಸ್ಟ್ಯಾಂಡಪ್‌ನಲ್ಲಿ ಪ್ರತಿಯೊಬ್ಬರೂ ನಿನ್ನೆ ಏನು ಮಾಡಿದೆ ಎಂದು ಮ್ಯಾನೇಜರ್‌ಗೆ ವರದಿ ಒಪ್ಪಿಸುತ್ತಿದ್ದರೆ ಅದನ್ನು ಸಾರಾಂಶಕ್ಕೆ ಬಿಟ್ಟುಕೊಡಬಹುದು, ನಷ್ಟವಿಲ್ಲ. ಆದರೆ 15 ನಿಮಿಷದ ಆ ಭೇಟಿ ಇರುವುದು ಸ್ಪ್ರಿಂಟ್‌ನ ಗುರಿಯತ್ತ ಸರಿಯಾಗಿ ಸಾಗುತ್ತಿದ್ದೇವೆಯೇ ಎಂದು ಡೆವಲಪರ್‌ಗಳು ತಾವೇ ನೋಡಿಕೊಂಡು ಇಂದಿನ ಕೆಲಸವನ್ನು ತಿದ್ದಿಕೊಳ್ಳುವುದಕ್ಕೆ. ಜಿರಾದ ಟಿಕೆಟ್‌ನಲ್ಲಿ ಬರೆಯಲು ಹಿಂಜರಿದ ಸಂಗತಿ, ‘ಈ ಭಾಗ ನನಗೆ ಅರ್ಥವಾಗಿಲ್ಲ’ ಎಂಬ ಮಾತು, ಯಾವ ಸಾರಾಂಶದಲ್ಲೂ ಬರುವುದಿಲ್ಲ. ಬೆಂಗಳೂರು ಮತ್ತು ಅಮೆರಿಕದಲ್ಲಿ ಹಂಚಿಹೋದ ತಂಡಗಳಿಗೆ ರಾತ್ರಿ ನಡೆದದ್ದನ್ನು ಬೆಳಿಗ್ಗೆ ತಿಳಿಯಲು ಸಾರಾಂಶ ನಿಜಕ್ಕೂ ಉಪಯುಕ್ತ. ಅಲ್ಲಿ ಅದನ್ನು ಮೊದಲೇ ಓದಿ ಬಂದರೆ ಭೇಟಿಯ ಸಮಯ ಸಮಸ್ಯೆಗಳಿಗೆ ಉಳಿಯುತ್ತದೆ.

ರೆಟ್ರೋ ರೆಕಾರ್ಡಿಂಗ್ ಬೇಡ. ಮಾತು ದಾಖಲಾಗುತ್ತದೆ ಎಂದು ಗೊತ್ತಾದ ಮೇಲೆ ಕಿರಿಯರು ಬಾಯಿ ಬಿಡುವುದಿಲ್ಲ, ಅವರು ಮಾತನಾಡದ ರೆಟ್ರೋದಿಂದ ತಂಡಕ್ಕೆ ಪ್ರಯೋಜನವಿಲ್ಲ. ಒಪ್ಪಿದ ಸುಧಾರಣೆಗಳನ್ನು ಕೊನೆಯಲ್ಲಿ ಒಬ್ಬರು ಬರೆದುಕೊಂಡರೆ ಸಾಕು. ಗ್ರಾಹಕರ ಮಾಹಿತಿ ಇರುವ ಯಾವುದನ್ನೂ ಸ್ವಂತ ಖಾತೆಯ ಚಾಟ್‌ಬಾಟ್‌ಗೆ ಹಾಕಬಾರದು ಎಂಬುದನ್ನೂ ತಂಡಕ್ಕೆ ಸ್ಪಷ್ಟವಾಗಿ ತಿಳಿಸಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಎಲ್ಲ ಕೆಲಸವನ್ನೂ ಎಐ ನೆರವಿನಿಂದ ಸಮಯಕ್ಕೆ ಮುಗಿಸುತ್ತೇನೆ. ಆದರೆ ರಿವ್ಯೂನಲ್ಲಿ ‘ಇದನ್ನು ಹೀಗೇಕೆ ಬರೆದಿರಿ’ ಎಂದು ಕೇಳಿದರೆ ಉತ್ತರ ತೋಚುವುದಿಲ್ಲ. ನಾನು ಏನನ್ನೂ ಕಲಿಯುತ್ತಿಲ್ಲವೇ ಎಂಬ ಭಯ ಕಾಡುತ್ತಿದೆ.

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ ತಂಗಿ, ಅದನ್ನು ಒಂದೇ ವರ್ಷದಲ್ಲಿ ಗುರುತಿಸಿದ್ದು ಒಳ್ಳೆಯದಾಯಿತು. ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಗಣಿತ ಕಲಿಕೆಯ ಪ್ರಯೋಗ ನಿಮ್ಮ ಸ್ಥಿತಿಯನ್ನೇ ಹೇಳುತ್ತದೆ. ಉತ್ತರವನ್ನೇ ಕೊಡುವ ಚಾಟ್‌ಬಾಟ್ ಬಳಸಿದವರು ಅಭ್ಯಾಸದ ಸಮಯದಲ್ಲಿ ಶೇ 48ರಷ್ಟು ಹೆಚ್ಚು ಅಂಕ ಪಡೆದರು, ಅದಿಲ್ಲದೆ ಪರೀಕ್ಷೆ ಬರೆದಾಗ ಅದನ್ನು ಎಂದೂ ಬಳಸದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಅದೇ ಪ್ರಯೋಗದಲ್ಲಿ ಉತ್ತರದ ಬದಲು ಸುಳಿವು ಮಾತ್ರ ಕೊಡುವಂತೆ ರೂಪಿಸಿದ ಚಾಟ್‌ಬಾಟ್ ಬಳಸಿದವರಲ್ಲಿ ಈ ಹಿನ್ನಡೆ ಬಹುಮಟ್ಟಿಗೆ ಕಾಣಲಿಲ್ಲ.

ಇನ್ನೊಂದು ಬದಿಯ ಸಾಕ್ಷ್ಯವೂ ನಿಮಗೆ ತಿಳಿದಿರಲಿ. ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಮೇಲಿನ ಅಧ್ಯಯನವೊಂದರಲ್ಲಿ ಎಐ ಸಲಹೆಯಿಂದ ಅತಿ ಹೆಚ್ಚು ಲಾಭ ಪಡೆದವರು ಹೊಸಬರೇ. ವ್ಯವಸ್ಥೆ ಕೆಟ್ಟು ಸಲಹೆ ನಿಂತ ಹೊತ್ತಿನಲ್ಲೂ ಅವರ ಸುಧಾರಣೆ ಒಂದಿಷ್ಟು ಉಳಿದಿತ್ತು. ಅಲ್ಲಿ ಉಪಕರಣ ಸಲಹೆ ತೋರಿಸುತ್ತಿತ್ತು, ಅದನ್ನು ಒಪ್ಪುವುದೋ, ತಿದ್ದುವುದೋ, ಬಿಡುವುದೋ ಎಂದು ನಿರ್ಧರಿಸಿ ಗ್ರಾಹಕರಿಗೆ ಉತ್ತರಿಸುತ್ತಿದ್ದವರು ಉದ್ಯೋಗಿಗಳೇ. ಟರ್ಕಿಯ ವಿದ್ಯಾರ್ಥಿಗಳಲ್ಲಿ ಹಲವರು ಉತ್ತರವನ್ನು ನಕಲು ಮಾಡಿಕೊಂಡಿದ್ದರು. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನನ್ನ ನಂಬಿಕೆ.

ಆದ್ದರಿಂದ ಉಪಕರಣವನ್ನು ಬಿಡಬೇಕಾಗಿಲ್ಲ, ಅದನ್ನು ಕೇಳುವ ಹೊತ್ತನ್ನು ಬದಲಿಸಿ. ಸ್ಟೋರಿ ಕೈಗೆ ಬಂದಾಗ ಮೊದಲು ಹಾಳೆಯ ಮೇಲೆ ನಿಮ್ಮದೇ ದಾರಿ ಬರೆಯಿರಿ: ಮಾಹಿತಿ ಎಲ್ಲಿಂದ ಬರುತ್ತದೆ, ಯಾವ ಫಂಕ್ಷನ್ ಬದಲಾಗಬೇಕು, ಎಲ್ಲಿ ಕೆಡಬಹುದು. ಅದು ತಪ್ಪಿರಲಿ, ಅರೆಬರೆ ಇರಲಿ, ಚಿಂತೆಯಿಲ್ಲ. ಆಮೇಲೆ ಎಐ ಕೊಟ್ಟ ದಾರಿಯನ್ನು ಪಕ್ಕದಲ್ಲಿಟ್ಟು, ಎಲ್ಲಿ ಬೇರೆಯಾಯಿತು ಮತ್ತು ಏಕೆ ಎಂದು ಕೇಳಿ. ಬಗ್ ಬಂದಾಗ ಮೊದಲ ಅರ್ಧ ಗಂಟೆ ಲಾಗ್ ಮತ್ತು ಡಿಬಗರ್ ಹಿಡಿದು ನೀವೇ ಹುಡುಕಿ, ಕೋಡ್ ಹೇಗೆ ಓಡುತ್ತದೆ ಎಂಬ ಚಿತ್ರ ಮನಸ್ಸಿನಲ್ಲಿ ಮೂಡುವುದು ಹೆಚ್ಚಾಗಿ ಆ ಹುಡುಕಾಟದಲ್ಲಿಯೇ. ವಿಷಯ ತಿಳಿಯದಿದ್ದರೆ ಚಾಟ್‌ಬಾಟ್‌ನಲ್ಲಿ ಕನ್ನಡದಲ್ಲೇ ಕೇಳಿ, ನಂತರ ಅದನ್ನು ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಪಕ್ಕದವರಿಗೆ ಹೇಳಿ. ಮತ್ತೆ ಮತ್ತೆ ಓದಿದ್ದಕ್ಕಿಂತ ನೆನಪಿನಿಂದ ಹೊರತೆಗೆದು ಹೇಳಿದ್ದು ಹೆಚ್ಚು ದಿನ ಉಳಿಯುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಬರಹವನ್ನು ನಾಲ್ಕು ಅವಧಿಗಳಲ್ಲೂ ಓದಿದವರಿಗೆ ವಾರದ ನಂತರ ಅದರ ಶೇ 40ರಷ್ಟು ಮಾತ್ರ ನೆನಪಿತ್ತು, ಒಂದು ಅವಧಿ ಮಾತ್ರ ಓದಿ ಉಳಿದ ಮೂರರಲ್ಲಿ ನೆನಪಿನಿಂದ ಬರೆದವರಿಗೆ ಶೇ 61ರಷ್ಟು ನೆನಪಿತ್ತು.

ಇದರಿಂದ ಮೊದಲ ಕೆಲವು ವಾರ ನಿಮ್ಮ ಕೆಲಸ ನಿಧಾನವಾಗುತ್ತದೆ. ಅದನ್ನು ಮುಚ್ಚಿಡದೆ ನಿಮ್ಮ ಟೀಮ್ ಲೀಡ್‌ಗೆ ಹೇಳಿ. ಟೀಮ್ ಲೀಡ್‌ಗಳಿಗೂ ನನ್ನ ವಿನಂತಿ ಇದೆ: ಹಿಂದೆ ಫ್ರೆಷರ್‌ಗಳು ಪಳಗುತ್ತಿದ್ದ ಸಣ್ಣ ಸಣ್ಣ ಕೆಲಸಗಳನ್ನೆಲ್ಲ ಎಐಗೆ ಒಪ್ಪಿಸಿದರೆ, ಐದು ವರ್ಷದ ನಂತರ ಅದರ ಕೋಡನ್ನು ರಿವ್ಯೂ ಮಾಡಬಲ್ಲವರು ಎಲ್ಲಿಂದ ಬರುತ್ತಾರೆ? ವಾರಕ್ಕೆ ಕೆಲವು ಗಂಟೆ ಹಿರಿಯರೊಬ್ಬರು ಕಿರಿಯರ ಜೊತೆ ಕುಳಿತು ಪೇರ್ ಪ್ರೋಗ್ರಾಮಿಂಗ್ ಮಾಡುವುದನ್ನು ಸ್ಪ್ರಿಂಟ್ ಯೋಜನೆಯಲ್ಲೇ ಸೇರಿಸಿ, ಅದಕ್ಕೆ ಬೇಕಾದ ಸಮಯವನ್ನು ಮೊದಲೇ ತೆಗೆದಿಡಿ.

ಪ್ರಶ್ನೆ: ಮೈಸೂರಿನಲ್ಲಿ ಮ್ಯಾನುವಲ್ ಟೆಸ್ಟರ್ ಆಗಿದ್ದೇನೆ, 18 ವರ್ಷದ ಅನುಭವವಿದೆ, ಬ್ಯಾಂಕಿಂಗ್ ತಂತ್ರಾಂಶಗಳಲ್ಲೇ ಹೆಚ್ಚು ಕೆಲಸ ಮಾಡಿದ್ದೇನೆ. ಪ್ರಾಂಪ್ಟ್ ಎಂಜಿನಿಯರಿಂಗ್ ಸರ್ಟಿಫಿಕೇಟ್‌ಗೆ ಹಣ ಕಟ್ಟಬೇಕೇ?

ಉತ್ತರ: ಈಗಲೇ ಕಟ್ಟಬೇಡಿ. ಒಂದು ಉಪಕರಣಕ್ಕೆ ಹೇಗೆ ಪ್ರಶ್ನೆ ಕೇಳಬೇಕು ಎಂಬ ಪಾಠ ಉಪಕರಣ ಬದಲಾದಾಗ ಹಳತಾಗುತ್ತದೆ. ಯುಪಿಐ ಪಾವತಿಯಲ್ಲಿ ಕಳುಹಿಸಿದವರ ಖಾತೆಯಿಂದ ಹಣ ಹೋಗಿ ಪಡೆಯುವವರಿಗೆ ಸೇರದೆ ನಡುವೆ ನಿಂತರೆ ಏನೇನು ಪರೀಕ್ಷಿಸಬೇಕು, ತಿಂಗಳ ಕೊನೆಯ ದಿನ ಬಡ್ಡಿ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬ ನಿಮ್ಮ ತಿಳಿವಳಿಕೆ ಹಳತಾಗುವುದಿಲ್ಲ, ಎಐ ಬರೆದ ಪರೀಕ್ಷೆಗಳಲ್ಲಿ ಬಿಟ್ಟುಹೋದದ್ದನ್ನು ಹಿಡಿಯುವುದಕ್ಕೆ ಬೇಕಾದದ್ದೂ ಅದೇ. ಅದರ ಜೊತೆಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಪರೀಕ್ಷೆ, ಆಟೊಮೇಷನ್ ಸ್ಕ್ರಿಪ್ಟನ್ನು ಓದಿ ತಿದ್ದುವಷ್ಟು ಪ್ರೋಗ್ರಾಮಿಂಗ್ ಕಲಿಯಿರಿ, ಇದಕ್ಕೆ ಎಐ ಒಳ್ಳೆಯ ಶಿಕ್ಷಕನಾಗಬಲ್ಲದು. ಸರ್ಟಿಫಿಕೇಟ್ ಬೇಕೇ ಬೇಕು ಎಂದಾದರೆ ಸಾಫ್ಟ್‌ವೇರ್ ಪರೀಕ್ಷಕರ ಪ್ರಮಾಣಪತ್ರಗಳನ್ನು ರೂಪಿಸುವ ಐಎಸ್‌ಟಿಕ್ಯೂಬಿ ಸಂಸ್ಥೆ ಎಐ ವ್ಯವಸ್ಥೆಗಳ ಪರೀಕ್ಷೆಗೆಂದೇ 2021ರಲ್ಲಿ ಆರಂಭಿಸಿದ ಪ್ರಮಾಣಪತ್ರವನ್ನು ನೋಡಿ. ಅದರ ಪಠ್ಯಕ್ರಮ ಉಚಿತವಾಗಿ ಸಿಗುತ್ತದೆ. ಮೊದಲು ಅದನ್ನು ಓದಿ, ನಿಮ್ಮ ಈಗಿನ ಪ್ರಾಜೆಕ್ಟ್‌ನ ಒಂದು ಭಾಗಕ್ಕೆ ಅನ್ವಯಿಸಿ ನೋಡಿ, ಪರೀಕ್ಷೆಯ ಶುಲ್ಕ ಕಟ್ಟುವ ತೀರ್ಮಾನವನ್ನು ಆಮೇಲೆ ಮಾಡಿ.