ಎಕ್ಸ್‌ಎಂಎಲ್ ಫೈಲಲ್ಲಿರೋ ಬೇಡದ ಸ್ಪೆಷಲ್ ಕ್ಯಾರೆಕ್ಟರ್‌ಗಳನ್ನ ಪೈಥಾನ್‌ನಲ್ಲಿ ತೆಗೆಯೋದು ಹೇಗೆ?

ಕಸ್ಟಮರ್ ವಿಳಾಸಗಳಿರೋ ಎಕ್ಸ್‌ಎಂಎಲ್ ಫೈಲು, ಓದೋಕೆ ಹೋದ್ರೆ 'ಇನ್‌ವ್ಯಾಲಿಡ್ ಟೋಕನ್' ಅಂತ ಪಾರ್ಸರ್ (ಫೈಲನ್ನ ಓದಿ ಬಿಡಿಸೋ ಪ್ರೋಗ್ರಾಂ) ನಿಂತ್ಬಿಡತ್ತೆ, ಇಂಗ್ಲಿಷ್ ಅಕ್ಷರ ಅಂಕಿ ಬಿಟ್ಟು ಮಿಕ್ಕಿದ್ದೆಲ್ಲಾ ರೆಜೆಕ್ಸ್ (ಪ್ಯಾಟರ್ನ್ ಹಿಡಿದು ಹುಡುಕೋ ವಿಧಾನ) ಹಾಕಿ ಅಳಿಸ್ಬಿಡ್ಲಾ ಅಂತ ಕೇಳಿದೀರ. ಬೇಡ. ಫೈಲಲ್ಲಿ ಕನ್ನಡ ಹೆಸರುಗಳೂ ಇವೆ ಅಂದಿದೀರಲ್ಲ, ಅದರಲ್ಲಿ ಒಂದೂ ಉಳಿಯಲ್ಲ.

ಎಕ್ಸ್‌ಎಂಎಲ್ 1.0ರಲ್ಲಿ ನಿಜವಾಗ್ಲೂ ಬರಬಾರದ ಕ್ಯಾರೆಕ್ಟರ್‌ಗಳು ಬಹಳ ಕಮ್ಮಿ. ಯೂನಿಕೋಡ್ ನಂಬರ್ 0ಯಿಂದ 31ರ ತನಕ ಇರೋವ್ರಲ್ಲಿ ಟ್ಯಾಬ್‌ನ 9, ಲೈನ್ ಮುರಿಯೋ 10 ಮತ್ತು 13 ಬಿಟ್ಟು ಉಳಿದವು, 55296ರಿಂದ 57343ರ ತನಕದ ಸರೊಗೇಟ್‌ಗಳು (ಯುಟಿಎಫ್ 16ರಲ್ಲಿ ಜೋಡಿಯಾಗಿ ಬಳಸೋ ನಂಬರ್‌ಗಳು, ತಾವೇ ಅಕ್ಷರಗಳಲ್ಲ), ಮತ್ತೆ 65534, 65535. ಅಷ್ಟೇ. ವಿಳಾಸದ ಕಾಲಂನಲ್ಲಿ ಮಾಮೂಲಾಗಿ ಸಿಗೋ ಕಳ್ಳ ಅಂದ್ರೆ 11, ಅಂದ್ರೆ ವರ್ಟಿಕಲ್ ಟ್ಯಾಬ್, ಯಾರೋ ವರ್ಡ್‌ನಲ್ಲಿ ಶಿಫ್ಟ್ ಎಂಟರ್ ಒತ್ತಿ ಟೈಪ್ ಮಾಡಿದ್ದನ್ನ ಕಾಪಿ ಪೇಸ್ಟ್ ಮಾಡಿರ್ತಾರೆ, ಕಣ್ಣಿಗೆ ಕಾಣಲ್ಲ. ಎರರ್‌ನಲ್ಲೇ ಲೈನ್ ನಂಬರ್ ಇರತ್ತೆ, ಆ ಲೈನನ್ನ ರೆಪ್ರ್ ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡಿ ನೋಡಿ, ಕಾಣದ ಕ್ಯಾರೆಕ್ಟರನ್ನ ಅದು ಕೋಡ್ ರೂಪದಲ್ಲಿ ತೋರಿಸತ್ತೆ. ಲೈನ್ ಬಿಡಿಸೋಕೆ ಸ್ಪ್ಲಿಟ್‌ಲೈನ್ಸ್ ಮಾತ್ರ ಬಳಸ್ಬೇಡಿ, ಅದು 11, 12 ಕಂಡಲ್ಲೂ ಲೈನ್ ಮುರಿದು ಲೆಕ್ಕ ತಪ್ಪಿಸತ್ತೆ.

ತೆಗೆಯೋ ಕೆಲಸ ಪಾರ್ಸ್ ಮಾಡೋಕೂ ಮುಂಚೆ ಆಗ್ಬೇಕು. ಫೈಲನ್ನ ಬರೀ ಟೆಕ್ಸ್ಟ್ ಆಗಿ ಯುಟಿಎಫ್ 8ರಲ್ಲಿ ಓದ್ಕೊಳ್ಳಿ, ಮೇಲಿನ ನಂಬರ್‌ಗಳನ್ನ ಕೀ ಮಾಡಿ ಒಂದು ಡಿಕ್ಷನರಿ ಕಟ್ಟಿ, ಅದನ್ನ ಸ್ಟ್ರಿಂಗ್‌ನ ಟ್ರಾನ್ಸ್‌ಲೇಟ್ ಮೆಥಡ್‌ಗೆ ಕೊಡಿ. ಮಿಕ್ಕವಕ್ಕೆ ವ್ಯಾಲ್ಯೂ ಖಾಲಿ ಸ್ಟ್ರಿಂಗ್ ಸಾಕು, 11ಕ್ಕೆ ಮಾತ್ರ ಅದು ಬೇಡ, ಒಂದು ಸ್ಪೇಸ್ ಇಡಿ, ಇಲ್ಲಾಂದ್ರೆ 'ಜಯನಗರ' ಮತ್ತು 'ಬೆಂಗಳೂರು' ಅಂಟ್ಕೊಂಡು 'ಜಯನಗರಬೆಂಗಳೂರು' ಆಗತ್ತೆ, ಆಮೇಲೆ ಅದನ್ನ ಹುಡುಕಿ ಬಿಡಿಸೋದು ಇನ್ನೊಂದು ತಲೆನೋವು. ಫೈಲ್ ಓದುವಾಗಲೇ ಯೂನಿಕೋಡ್ ಡಿಕೋಡ್ ಎರರ್ ಬಂದ್ರೆ ಅದು ಬೇರೆ ಕಾಯಿಲೆ, ಎನ್‌ಕೋಡಿಂಗೇ ತಪ್ಪಿದೆ ಅಂತರ್ಥ, ತಪ್ಪನ್ನ ಕಡೆಗಣಿಸು ಅನ್ನೋ ಇಗ್ನೋರ್ ಹಾಕಿ ಮುಚ್ಚಬೇಡಿ, ಫೈಲನ್ನ ಯಾವ ಎನ್‌ಕೋಡಿಂಗಲ್ಲಿ ಬರೆದಿದಾರೆ ನೋಡಿ.

ಕೆಲವು ಸಲ ಆ 11 ವೇಷ ಹಾಕ್ಕೊಂಡು ಬರತ್ತೆ, ಆಂಪರ್ಸೆಂಡ್, ಹ್ಯಾಶ್, 11, ಸೆಮಿಕೋಲನ್ ಹೀಗೆ. ಟ್ರಾನ್ಸ್‌ಲೇಟ್‌ಗೆ ಇದು ಸಿಗಲ್ಲ, 1.0ರಲ್ಲಿ ಇದೂ ತಪ್ಪೇ, ಸೀಡೇಟಾ (ಒಳಗಿರೋದನ್ನ ಬರೀ ಟೆಕ್ಸ್ಟ್ ಅಂತ ಓದಿಸೋ ಎಕ್ಸ್‌ಎಂಎಲ್ ಭಾಗ) ಒಳಗೆ ಕಂಟ್ರೋಲ್ ಕ್ಯಾರೆಕ್ಟರ್ ಬಚ್ಚಿಟ್ರೂ ತಪ್ಪೇ. ವೇಷ ಹಾಕಿದ ಈ 11ಕ್ಕೆ ಬೇರೆ ರೆಜೆಕ್ಸ್ ಬೇಕು.

ಒಂಟಿ ಆಂಪರ್ಸೆಂಡ್ ಕಥೆ ಬೇರೆ. 'ರಾವ್ & ಸನ್ಸ್' ಅಂತಿದ್ರೆ ಅಲ್ಲಿ ಅಳಿಸೋದೇನಿಲ್ಲ, ಎಸ್ಕೇಪ್ ಮಾಡ್ಬೇಕು, ಅಂದ್ರೆ '&' ಅಂತ ಬರೀಬೇಕು, ಆದ್ರೆ ಈಗಾಗ್ಲೇ ಎಸ್ಕೇಪ್ ಆಗಿರೋದನ್ನ ಮತ್ತೆ ಮುಟ್ಟದ ಹಾಗೆ ರೆಜೆಕ್ಸ್‌ನಲ್ಲಿ ನೆಗೆಟಿವ್ ಲುಕ್‌ಅಹೆಡ್ (ಮುಂದೆ ಇಂಥದ್ದು ಇಲ್ದಿದ್ರೆ ಮಾತ್ರ ಹಿಡಿ ಅನ್ನೋ ಷರತ್ತು) ಹಾಕಿ.

'ಕಾಣದ ಕ್ಯಾರೆಕ್ಟರೆಲ್ಲಾ ತೆಗಿ' ಅನ್ನೋ ರೆಡಿಮೇಡ್ ಕೋಡ್ ಸಿಕ್ರೆ ಅದರಲ್ಲಿ 8204, 8205 (ಅಕ್ಷರ ಬಿಡಿಸೋ, ಕೂಡಿಸೋ ಕಾಣದ ಕ್ಯಾರೆಕ್ಟರ್‌ಗಳು) ಇದೆಯಾ ನೋಡ್ಕೊಳ್ಳಿ. ಇದ್ರೆ ಅವೆರಡನ್ನ ಆ ಕೋಡಿನ ಪಟ್ಟಿಯಿಂದ ತೆಗೆದು ಬಿಸಾಕಿ. 8204 ಹೋದ್ರೆ 'ಸಾಫ್ಟ್‌ವೇರ್' ಅನ್ನೋದು 'ಸಾಫ್ಟ್ವೇರ್' ಅಂತ ಒತ್ತಕ್ಷರ ಆಗಿ ಕೂರತ್ತೆ, ಎಕ್ಸ್‌ಎಂಎಲ್‌ಗೆ ಇವೆರಡರಿಂದ ಏನೂ ತೊಂದ್ರೆ ಇಲ್ಲ.

ಇನ್ನೊಂದು, ಫೈಲ್ ಕಳಿಸೋ ಕಡೆಯವ್ರು ಪೈಥಾನ್‌ನ ಎಲಿಮೆಂಟ್‌ಟ್ರೀ ಅನ್ನೋ ಎಕ್ಸ್‌ಎಂಎಲ್ ಲೈಬ್ರರಿಯಲ್ಲಿ ಬರೀತಿದಾರಾ ಕೇಳಿ. ಅದು ಕಂಟ್ರೋಲ್ ಕ್ಯಾರೆಕ್ಟರನ್ನ ಚಕಾರ ಎತ್ತದೆ ಬರೆದುಬಿಡತ್ತೆ, ವಾಪಸ್ ಓದು ಅಂದ್ರೆ ತಾನೇ ಬರೆದಿದ್ದನ್ನ ಓದಲ್ಲ. ಎಲ್‌ಎಕ್ಸ್‌ಎಂಎಲ್ ಅನ್ನೋ ಇನ್ನೊಂದು ಲೈಬ್ರರಿ ಆದ್ರೆ ಬರೆಯೋ ಹೊತ್ತಿಗೇ ವ್ಯಾಲ್ಯೂ ಎರರ್ ಎಸೀತದೆ, ಅವ್ರು ಅದಕ್ಕೆ ಬದಲಾದ್ರೆ ನಿಮ್ಗೆ ಈ ಕ್ಲೀನಿಂಗ್ ಕೋಡೇ ಬೇಕಾಗಲ್ಲ.