ಖಾಸಗಿಯಾಗಿ ಮಾಡುವುದು ಅಂದರೆ ಮುಚ್ಚಿಡುವುದಾ?

‘ಏನೇ ಮಾಡಿದರೂ ಯಾರಿಗೂ ಹೇಳದೆ ಮಾಡುತ್ತೇನೆ. ಸ್ನೇಹಿತರಿಗೆ ಅನುಮಾನ. ಖಾಸಗಿಯಾಗಿ ಮಾಡುವುದಕ್ಕೂ ಮುಚ್ಚಿಡುವುದಕ್ಕೂ ವ್ಯತ್ಯಾಸ ಇಲ್ವಾ?’ ಅಂತ ಕೇಳಿದ್ದೀರಿ. ಇದೆ, ಬೇಕಾದಷ್ಟಿದೆ.

ನನ್ನದೇ ಕತೆ ಕೇಳಿ. ಗಿಟಾರ್ ತಂದ ದಿನವೇ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ್ದೆ. ‘ಸೂಪರ್’, ‘ಯಾವಾಗ ಕೇಳಿಸ್ತೀಯಾ’ ಅಂತ ಒಂದೇ ಸಮ ಮೆಸೇಜು. ಇನ್ನೂ ಒಂದು ತಂತಿ ಮೀಟಿರಲಿಲ್ಲ, ಆಗಲೇ ಕಲಾವಿದ ಆಗಿಬಿಟ್ಟಿದ್ದೆ! ಮೂರು ವಾರಕ್ಕೆ ಗಿಟಾರ್ ಮೂಲೆ ಸೇರಿತು.

ಎರಡು ವರ್ಷ ಬಿಟ್ಟು ಮತ್ತೆ ಕೈಗೆತ್ತಿಕೊಂಡಾಗ ಯಾರಿಗೂ ಹೇಳಲಿಲ್ಲ. ಬಾಗಿಲು ಹಾಕಿಕೊಂಡು ದಿನಾ ಇಪ್ಪತ್ತು ನಿಮಿಷ. ಎಫ್ ಕಾರ್ಡ್ ಅಂತ ಒಂದು ಸ್ವರಗುಚ್ಛ ಇದೆ, ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿ ಒಟ್ಟಿಗೆ ಅದುಮಬೇಕು. ತಿಂಗಳುಗಟ್ಟಲೆ ‘ಟಪ್ ಟಪ್’ ಬಿಟ್ಟರೆ ನಾದವೇ ಹೊರಡಲಿಲ್ಲ. ಕೇಳುವವರಿದ್ದಿದ್ದರೆ ನಾಚಿಕೆಗೇ ಬಿಟ್ಟಿರುತ್ತಿದ್ದೆ. ಕೊನೆಗೆ ಮಗಳಿಗೆ ಗೊತ್ತಾಗಿದ್ದು ನನ್ನ ಬೆರಳ ತುದಿ ಗಟ್ಟಿಯಾಗಿದ್ದು ನೋಡಿ.

ಇದು ನನ್ನೊಬ್ಬನ ಹಣೆಬರಹ ಅಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನಾನು ಇಂಥವನಾಗುತ್ತೇನೆ’ ಅನ್ನುವವರ ಮಾತಿಗೆ ಯಾರಾದರೂ ಕಿವಿಗೊಟ್ಟರೆ ಅವರ ದುಡಿಮೆ ಕಡಿಮೆಯಾಗುವುದು ಕಂಡಿತ್ತು. ಹೇಳಿದ್ದಕ್ಕೇ ಅರ್ಧ ಆದ ಹಾಗೆ ಅನಿಸಿಬಿಡುತ್ತದಂತೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1965ರಲ್ಲೇ ಇನ್ನೊಂದು ಹೇಳಿದ್ದರು: ಜನರೆದುರು ಪಳಗಿದ ಕೆಲಸ ಚೆನ್ನಾಗಿ ಆಗುತ್ತದೆ, ಹೊಸದಾಗಿ ಕಲಿಯುತ್ತಿರುವುದು ಕೆಡುತ್ತದೆ.

ಹಾಗಂತ ಎಲ್ಲವೂ ಬಾಗಿಲ ಹಿಂದೆ ಇರಬೇಕಿಲ್ಲ. ಹತ್ತು ಜನರೆದುರು ಒಬ್ಬರ ಮಾನ ಕಳೆದು, ಆಮೇಲೆ ಪಕ್ಕಕ್ಕೆ ಕರೆದು ಸಾರಿ ಅಂದರೆ ಅದು ಪುಕ್ಕಲುತನ. (ನಾನೂ ಒಮ್ಮೆ ಹಾಗೆ ಮಾಡಿದ್ದೇನೆ.)

ಮತದಾನವನ್ನೇ ನೋಡಿ. ಬ್ರಿಟನ್ನಿನ ಚುನಾವಣೆಗಳಲ್ಲಿ 1872ರವರೆಗೆ ಯಾರಿಗೆ ವೋಟು ಅಂತ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಜಮೀನಿನ ಒಡೆಯ ಅಲ್ಲೇ ನಿಂತಿದ್ದರೆ ಒಕ್ಕಲಿನವನು ಏನು ಹೇಳಿಯಾನು? ಅದಕ್ಕೇ ಗುಪ್ತ ಮತದಾನ ಬಂತು. ಆದರೆ ಸಂಸತ್ತಿನೊಳಗೆ ಸದಸ್ಯರು ಮಸೂದೆಗೆ ಹಾಕುವ ಮತ ಬಹಿರಂಗ. ತಮ್ಮನ್ನು ಆರಿಸಿದವರಿಗೆ ಅವರು ಲೆಕ್ಕ ಕೊಡಬೇಕಲ್ಲ! ಲೆಕ್ಕ ಕೊಡಬೇಕಾದವರಿಂದ ಮರೆಮಾಡಿದರೆ ಅದು ಮುಚ್ಚಿಡುವುದು. ಉಳಿದದ್ದು ಸುಮ್ನೆ ನಿಮ್ಮ ಪಾಡು.

ನಿಮ್ಮ ಸ್ನೇಹಿತರ ದುಡ್ಡೋ ಸಮಯವೋ ಅದರಲ್ಲಿ ಸೇರಿದ್ದರೆ ಇವತ್ತೇ ಹೇಳಿಬಿಡಿ. ಇಲ್ಲದಿದ್ದರೆ ‘ಏನೋ ಕಲಿಯುತ್ತಿದ್ದೇನೆ, ಆದಮೇಲೆ ತೋರಿಸ್ತೀನಿ’ ಅಂದರೆ ಸಾಕು. ಮಗಳಿಗೆ ನಾನು ಹೇಳಿದ್ದೂ ಅಷ್ಟೇ. ಈಗ ಬಾಗಿಲು ತಟ್ಟಿಯೇ ಒಳಗೆ ಬರುತ್ತಾಳೆ.