ವೆಬ್ ಸರ್ವಿಸ್‌ನ ಮಾಹಿತಿಯನ್ನು ಪಿಎಲ್‌ಸಿ ನೇರವಾಗಿ ಓದಿಕೊಳ್ಳಬಹುದೇ?

ಮಂಡ್ಯದ ತೂಬಿನಕೆರೆಯಲ್ಲಿ ಪಶು ಆಹಾರದ ಘಟಕ ನಡೆಸುತ್ತಿದ್ದೀರಿ. ಯಾವ ಬ್ಯಾಚ್‌ಗೆ ಮೆಕ್ಕೆಜೋಳ, ಬೂಸಾ, ಹಿಂಡಿ, ಉಪ್ಪು ಎಷ್ಟೆಷ್ಟು ಎಂಬುದು ಕಚೇರಿಯ ವೆಬ್ ಸರ್ವಿಸ್‌ನಲ್ಲಿ, ಅಂದರೆ ಬೇರೆ ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೂಲಕ ಕೇಳಿ ಮಾಹಿತಿ ಪಡೆಯುವ ವ್ಯವಸ್ಥೆಯಲ್ಲಿ, ಇದೆ. ಆಪರೇಟರ್ ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಟಚ್ ಪ್ಯಾನೆಲ್‌ನಲ್ಲಿ ಒತ್ತುತ್ತಾರೆ. ಘಟಕದ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿಯೇ ನೇರವಾಗಿ ಓದಿಕೊಂಡರೆ ಆಗದೇ ಎಂದು ಕೇಳಿದ್ದೀರಿ.

ಹೊಸ ಪಿಎಲ್‌ಸಿಗಳಲ್ಲಿ ಕೆಲವಕ್ಕೆ ಅದು ಸಾಧ್ಯ. ಆದರೂ ಬೇಡ ಎನ್ನುತ್ತೇನೆ. ಪಿಎಲ್‌ಸಿ ಕೆಲವೇ ಮಿಲಿಸೆಕೆಂಡಿಗೊಮ್ಮೆ ತನ್ನ ಕೆಲಸವನ್ನೆಲ್ಲ ಒಂದು ಸುತ್ತು ಮುಗಿಸುವ ಯಂತ್ರ. ವೆಬ್ ಸರ್ವಿಸ್ ಉತ್ತರಿಸಲು ಒಮ್ಮೆ ಅರ್ಧ ಸೆಕೆಂಡ್, ಒಮ್ಮೆ ಅರ್ಧ ನಿಮಿಷ. ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಲ್ಯಾಡರ್ ಭಾಷೆಯಲ್ಲಿ, ವೆಬ್ ಸರ್ವಿಸ್ ಉತ್ತರ ಕಳುಹಿಸುವ ಜೇಸನ್ ಎಂಬ ಪಠ್ಯರೂಪವನ್ನು ಬಿಡಿಸುವ ಪಾಡು ನನ್ನ ಶತ್ರುವಿಗೂ ಬೇಡ.

ನಡುವೆ ಒಂದು ಸಣ್ಣ ಕೈಗಾರಿಕಾ ಕಂಪ್ಯೂಟರ್ ಇಡಿ. ಅದರಲ್ಲಿ ಪ್ರೋಗ್ರಾಂ ಬರೆಯಲು ನೋಡ್-ರೆಡ್ ಅಥವಾ ಪೈಥಾನ್, ನಿಮಗೆ ಯಾವುದು ಬರುತ್ತದೋ ಅದು. ಒಂದು ಕೈಯಿಂದ ವೆಬ್ ಸರ್ವಿಸ್ ಓದಿ ಇನ್ನೊಂದು ಕೈಯಿಂದ ಮಾಡ್‌ಬಸ್ ಟಿಸಿಪಿ (ಯಂತ್ರಗಳು ನೆಟ್‌ವರ್ಕ್‌ನಲ್ಲಿ ಮಾತಾಡುವ ಒಂದು ಭಾಷೆ) ಮೂಲಕ ಪಿಎಲ್‌ಸಿಯ ರಿಜಿಸ್ಟರ್‌ಗಳಿಗೆ, ಅಂದರೆ ಅಂಕಿ ಇಡುವ ಮನೆಗಳಿಗೆ, ಬರೆಯುವುದಷ್ಟೇ ಅದರ ಕೆಲಸ. ಮಾಡ್‌ಬಸ್ 1979ರದ್ದು, ಅದಕ್ಕೆ ಪಾಸ್‌ವರ್ಡ್ ಎಂಬುದೇ ಇಲ್ಲ. ಆದ್ದರಿಂದ ಎರಡು ನೆಟ್‌ವರ್ಕ್ ಕಾರ್ಡ್ ಇರುವ ಕಂಪ್ಯೂಟರ್ ಕೊಳ್ಳಿ: ಒಂದು ಕಚೇರಿಯ ಕಡೆಗೆ, ಇನ್ನೊಂದು ಪಿಎಲ್‌ಸಿಗೆ ಮಾತ್ರ. ಮಾಡ್‌ಬಸ್ ಬಳಸುವ 502ನೇ ಪೋರ್ಟ್ ಅನ್ನು ಇಂಟರ್‌ನೆಟ್‌ಗೆ ತೆರೆದಿಡಲೇಬೇಡಿ.

ಮಾಡ್‌ಬಸ್ ರಿಜಿಸ್ಟರ್ ಒಂದರಲ್ಲಿ ಹಿಡಿಸುವುದು 16 ಬಿಟ್. ದಶಮಾಂಶ ಸಂಖ್ಯೆಗೆ ಎರಡು ರಿಜಿಸ್ಟರ್ ಬೇಕು, ಅವುಗಳಲ್ಲಿ ಯಾವುದು ಮೊದಲು ಎಂಬುದು ಕಂಪನಿಗೊಂದು ರೀತಿ. 25.5 ಎಂದು ಕಳುಹಿಸಿದ್ದು 16844 ಮತ್ತು 0 ಎಂಬ ಎರಡು ತುಂಡಾಗಿ ಹೋಗುತ್ತದೆ. ತುಂಡುಗಳು ಅದಲುಬದಲಾದರೆ ಪ್ಯಾನೆಲ್‌ನಲ್ಲಿ ಸೊನ್ನೆ ಕಾಣಿಸುತ್ತದೆ. ಈ ಜಂಜಾಟವೇ ಬೇಡವೆಂದು ನಾನು ಹತ್ತರಿಂದ ಗುಣಿಸಿ ಪೂರ್ಣಾಂಕವಾಗಿ ಕಳುಹಿಸುತ್ತೇನೆ: 412.5 ಕೆಜಿ ಎಂದರೆ 4125. 6553.5 ಕೆಜಿವರೆಗೆ ಒಂದೇ ರಿಜಿಸ್ಟರ್ ಸಾಕು.

ಇನ್ನೊಂದು ಗುಂಡಿಗೆ ನಾನೇ ಬಿದ್ದಿದ್ದೇನೆ. ಕೈಪಿಡಿಯಲ್ಲಿ 40001 ಎಂದಿರುವ ರಿಜಿಸ್ಟರ್‌ನ ವಿಳಾಸ ತಂತಿಯ ಮೇಲೆ ಹೋಗುವ ಸಂದೇಶದಲ್ಲಿ 0. ನಂಜನಗೂಡು ರಸ್ತೆಯ ಒಂದು ಘಟಕದಲ್ಲಿ ನಾನು ಅದನ್ನು 1 ಎಂದು ಬರೆದೆ. ಎಲ್ಲವೂ ಒಂದೊಂದು ಮನೆ ಮುಂದಕ್ಕೆ ಸರಿದವು, ಹಿಂಡಿಯ ತೂಕ ಉಪ್ಪಿನ ಮನೆಗೆ ಬಂತು. ಪ್ಯಾನೆಲ್ ನೋಡಿದ ಆಪರೇಟರ್, "ಸಾರ್, ಒಂದು ಟನ್ ಬ್ಯಾಚ್‌ಗೆ 210 ಕೆಜಿ ಉಪ್ಪು ತೋರಿಸುತ್ತಿದೆ. ಹಸುವಿಗೋ, ಉಪ್ಪಿನಕಾಯಿಗೋ?" ಎಂದರು. ಅಂದಿನಿಂದ ಪ್ರತಿ ಪದಾರ್ಥದ ಕನಿಷ್ಠ, ಗರಿಷ್ಠ ಮಿತಿಯನ್ನು ಪಿಎಲ್‌ಸಿಯ ಒಳಗೇ ಬರೆಯುತ್ತೇನೆ. ವೆಬ್ ಸರ್ವಿಸ್‌ನಲ್ಲಿ ಉಪ್ಪಿನ ವಿವರವೇ ಬಾರದಿದ್ದರೆ ಅದನ್ನು ಸೊನ್ನೆ ಎಂದು ತಿಳಿಯದೆ ಇಡೀ ಬ್ಯಾಚ್ ಅನ್ನೇ ತಿರಸ್ಕರಿಸುವಂತೆ ಮಾಡಿ.

ತೂಕಗಳನ್ನೆಲ್ಲ ಬರೆದ ಮೇಲೆ ಕೊನೆಯಲ್ಲಿ ಬ್ಯಾಚ್ ಸಂಖ್ಯೆ ಬರೆಯಿರಿ. ಸಂಖ್ಯೆ ಬದಲಾದದ್ದನ್ನು ಕಂಡು, ಮಿಕ್ಸರ್ ಖಾಲಿ ಇದ್ದಾಗ ಮಾತ್ರ, ಪಿಎಲ್‌ಸಿ ಅವನ್ನು ತನ್ನ ಕಡೆಗೆ ನಕಲು ಮಾಡಿಕೊಂಡು ಅದೇ ಸಂಖ್ಯೆಯನ್ನು ಇನ್ನೊಂದು ರಿಜಿಸ್ಟರ್‌ನಲ್ಲಿ ಮರಳಿ ತೋರಿಸಲಿ. ಇಲ್ಲದಿದ್ದರೆ ಅರ್ಧ ಹಳೆಯ, ಅರ್ಧ ಹೊಸ ಪಾಕ ತಯಾರಾಗುತ್ತದೆ.

ಇನ್ನು ಇಂಟರ್‌ನೆಟ್ ಹೋದಾಗಿನ ಮಾತು. ರಿಜಿಸ್ಟರ್‌ನಲ್ಲಿ ಹಳೆಯ ಅಂಕಿ ಹಾಗೆಯೇ ಕುಳಿತಿರುತ್ತದೆ, ಅದು ಎಷ್ಟು ಹಳೆಯದೆಂದು ಕಾಣಿಸುವುದಿಲ್ಲ. ಅದಕ್ಕೆಂದೇ ಒಂದು ಎಣಿಕೆಯ ರಿಜಿಸ್ಟರ್ ಇಡಿ. ವೆಬ್ ಸರ್ವಿಸ್‌ನಿಂದ ಸರಿಯಾದ ಉತ್ತರ ಬಂದಾಗಲೆಲ್ಲ ಅದು ಒಂದು ಹೆಚ್ಚಲಿ. ನಿಮಿಷವಾದರೂ ಬದಲಾಗದಿದ್ದರೆ ಪಿಎಲ್‌ಸಿ ನಡೆಯುತ್ತಿರುವ ಬ್ಯಾಚ್ ಮುಗಿಸಿ, ಹೊಸದನ್ನು ತೆಗೆದುಕೊಳ್ಳದೆ, ಪ್ಯಾನೆಲ್‌ನಲ್ಲಿ ಕೈಯಾರೆ ತುಂಬಲು ಬಿಡಲಿ. ಚೀಟಿಯನ್ನು ಈಗಲೇ ಎಸೆಯಬೇಡಿ.

ಪರೀಕ್ಷೆಯ ದಿನ ಬ್ಯಾಚ್ ಅರ್ಧದಲ್ಲಿರುವಾಗ ಕಚೇರಿಯ ಕಡೆಯ ಕೇಬಲ್ ಕಿತ್ತು, ಆಪರೇಟರ್ ಪಕ್ಕದಲ್ಲಿ ನಿಂತು ನೋಡಿ. ಆಮೇಲೆ ಆ ಕಂಪ್ಯೂಟರ್‌ನ ಕರೆಂಟನ್ನೂ ತೆಗೆದು ಮತ್ತೆ ಕೊಟ್ಟು, ಯಾರೂ ಮುಟ್ಟದೆ ಅದು ತಾನಾಗಿ ಎದ್ದು ಕೆಲಸ ಶುರು ಮಾಡುತ್ತದೆಯೇ ಗಮನಿಸಿ.